ಖಾಲಿ ಫಾರ್ಮಿಗೂ ಖಾತೆ ಬೇಕೇ?

ಎಲ್ಲರಿಗೂ ಸಿಗಲೆಂದೇ ಇಟ್ಟ ಫೈಲನ್ನು ಇಳಿಸಿಕೊಳ್ಳಲು ಮೊಬೈಲ್ ನಂಬರು, ಒಟಿಪಿ, ಪಾಸ್‌ವರ್ಡ್ ಏಕೆ ಬೇಕು? ಡೊಂಬಿವಲಿಯ ನಮ್ಮ ಕಟ್ಟಡದ ಹಿರಿಯರು ಫಾರ್ಮ್ ತೆಗೆದುಕೊಡಿ ಎಂದು ಬಂದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕೆರಳಿಸುತ್ತದೆ. ಮೊನ್ನೆ ಮೇಲಿನ ಮಹಡಿಯ ಮಾಮನಿಗೆ ಬೇಕಿದ್ದದ್ದು ಎರಡು ಪುಟದ ಒಂದು ಅರ್ಜಿ ನಮೂನೆ. ಜಾಲತಾಣ ಹೆಸರು ಕೇಳಿತು, ಜನ್ಮದಿನಾಂಕ ಕೇಳಿತು, ಕೊನೆಗೆ ಒಟಿಪಿ ಕಳಿಸಿತು. ಆ ನಂಬರು ಮಗನದು. ಅವನು ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲಿದ್ದ. "ಖಾಲಿ ಫಾರ್ಮಿಗೂ ಇಷ್ಟೆಲ್ಲ ಬೇಕೇನಮ್ಮಾ?" ಎಂದರು ಮಾಮ.

ಬೇಕಾಗಿಲ್ಲ. ಇಂಟರ್ನೆಟ್ಟಿಗೆ ಇದಕ್ಕಿಂತ ಒಳ್ಳೆಯ ನಡವಳಿಕೆ ಮೊದಲೇ ಗೊತ್ತಿತ್ತು.

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲುಗಳನ್ನು ಸಾಗಿಸುವ ನಿಯಮಾವಳಿಯಾದ ಎಫ್‌ಟಿಪಿಯ ಮೊದಲ ರೂಪವನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್; ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದವರು. ಅದರ ಮೇಲೆ ಬೆಳೆದ ರೂಢಿಯೇ ಅನಾನಿಮಸ್ ಎಫ್‌ಟಿಪಿ, ಅಂದರೆ ಸ್ವಂತ ಖಾತೆಯಿಲ್ಲದೆ ಅನಾಮಿಕರಾಗಿಯೇ ಫೈಲು ಇಳಿಸಿಕೊಳ್ಳುವುದು. 1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದುಕೊಟ್ಟ ಮೇಲೆ ಮಾಟುಂಗದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಲ್ಯಾಬಿಗೂ ಮೋಡೆಮ್ ಬಂತು. ಕಪ್ಪು ಪರದೆಯ ಮೇಲೆ ಯಾವುದೋ ದೂರದ ವಿಶ್ವವಿದ್ಯಾಲಯದ ಕಂಪ್ಯೂಟರು ಹೆಸರು ಕೇಳುತ್ತಿತ್ತು. 'ಅನಾನಿಮಸ್' ಎಂದು ಟೈಪ್ ಮಾಡುತ್ತಿದ್ದೆವು. ಪಾಸ್‌ವರ್ಡಿನ ಜಾಗದಲ್ಲಿ ಇಮೇಲ್ ವಿಳಾಸ ಕೊಡುವುದು ಸೌಜನ್ಯ. ಎಷ್ಟೋ ಕಡೆ 'ಗೆಸ್ಟ್' ಎಂದರೂ ಒಳಗೆ ಬಿಡುತ್ತಿದ್ದರು. 'ಪಬ್' (ಪಬ್ಲಿಕ್ ಎಂಬುದರ ಮೊಟಕು) ಎಂಬ ಡೈರೆಕ್ಟರಿಗೆ ಹೋಗಿ, ಜಿಪ್ ಫೈಲಾದರೆ ಮರೆಯದೆ 'ಬೈನರಿ' ಎಂದು ಹೇಳಿ, ಆಮೇಲೆ 'ಗೆಟ್' ಕೊಡಬೇಕು. ಹಾಗೆ ಹೇಳದಿದ್ದರೆ ಅದನ್ನು ಬರಿಯ ಪಠ್ಯವೆಂದುಕೊಂಡು ಸಾಲಿನ ಕೊನೆಯ ಗುರುತುಗಳನ್ನು ಬದಲಿಸಿ ಫೈಲನ್ನೇ ಕೆಡಿಸಿಬಿಡುವ ಸಂಭವವಿತ್ತು. 'ಹ್ಯಾಶ್' ಎಂದಿದ್ದರೆ ಫೈಲು ಬಂದಷ್ಟೂ # ಗುರುತುಗಳು ಸಾಲಾಗಿ ಮೂಡುತ್ತಿದ್ದವು. ಆ ಸಾಲು ನಡುವೆ ನಿಂತರೆ ಹುಡುಗರ ಮುಖ ಬಾಡುತ್ತಿತ್ತು, ಮತ್ತೆ ಹರಿದರೆ ಅರಳುತ್ತಿತ್ತು.

ಹೆಸರು ಕೇಳದಿದ್ದರೆ ದುರುಪಯೋಗವಾಗುತ್ತದೆ ಎನ್ನುವವರಿದ್ದಾರೆ. ಆಗಿನವರಿಗೂ ಆ ಚಿಂತೆ ಇತ್ತು. ಅವರು ಏಕಕಾಲಕ್ಕೆ ಇಷ್ಟೇ ಅತಿಥಿಗಳೆಂದು ಮಿತಿ ಹಾಕುತ್ತಿದ್ದರು, ಕಚೇರಿಯ ಹೊತ್ತು ಬಿಟ್ಟು ಬನ್ನಿ ಎಂದು ವಿನಂತಿಸುತ್ತಿದ್ದರು. ಹೊರೆಯನ್ನು ಅಳೆದರು, ಬಂದವರ ಜಾತಕ ಕೇಳಲಿಲ್ಲ. ಸಂಗ್ರಹಿಸದ ನಂಬರು ಸೋರಿಹೋಗುವುದೂ ಇಲ್ಲವಲ್ಲ!

ಎಫ್‌ಟಿಪಿ ತೆರೆಮರೆಗೆ ಸರಿದದ್ದಕ್ಕೆ ನನ್ನ ತಕರಾರಿಲ್ಲ. ಅದರಲ್ಲಿ ಎಲ್ಲವೂ ಗೂಢಲಿಪಿಯ ರಕ್ಷಣೆಯಿಲ್ಲದೆ ಸಾಗುತ್ತಿತ್ತು. 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದನ್ನು ಕೈಬಿಟ್ಟವು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಒಂದನ್ನು ಉಚಿತವಾಗಿ ಹಂಚುವ ಡೆಬಿಯನ್ ತನ್ನ ಸಾರ್ವಜನಿಕ ಎಫ್‌ಟಿಪಿಯನ್ನು 2017ರಲ್ಲೇ ನಿಲ್ಲಿಸಿತು, ಆದರೆ ಇವತ್ತಿಗೂ ಖಾತೆ ಕೇಳದೆ ಇಡೀ ಆಪರೇಟಿಂಗ್ ಸಿಸ್ಟಮ್ಮನ್ನು ಕೊಡುತ್ತದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಪುಸ್ತಕಗಳನ್ನು ಹಾಗೆಯೇ ಕೊಡುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಎರವಲಿನ ಪುಸ್ತಕಕ್ಕೆ ಖಾತೆ ಬೇಕು, ಹಕ್ಕುಸ್ವಾಮ್ಯ ಮುಗಿದ ಹಳೆಯ ಕನ್ನಡ ಪುಸ್ತಕಗಳಿಗೆ ಬೇಡ.

ಮುಂಬಯಿಯ ನಮ್ಮ ಕನ್ನಡ ಸಂಘಗಳಲ್ಲಿ ಹಳೆಯ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡುವ ಉತ್ಸಾಹಿಗಳು ಇದ್ದರೆ ಅವರಲ್ಲಿ ನನ್ನದೊಂದು ಬೇಡಿಕೆ. ಸದಸ್ಯತ್ವದ ಪುಟ ಬೇರೆ ಇರಲಿ. ಪಿಡಿಎಫ್‌ಗೆ ನೇರ ಕೊಂಡಿ ಕೊಡಿ, ಪಕ್ಕದಲ್ಲಿ ಅದರ ಗಾತ್ರ ಎಷ್ಟು ಎಂಬಿಯೆಂದು ಬರೆಯಿರಿ, ಅರ್ಧಕ್ಕೆ ಸಂಪರ್ಕ ಕಡಿದರೆ ಉಳಿದ ಭಾಗವನ್ನಷ್ಟೇ ಮತ್ತೆ ಇಳಿಸಿಕೊಳ್ಳುವ ಅನುಕೂಲ ನಿಮ್ಮ ಸರ್ವರಿನಲ್ಲಿದೆಯೇ ಎಂದು ನೋಡಿಕೊಳ್ಳಿ. ಪರೀಕ್ಷಿಸಿ ನೋಡಲು ಯಾರಾದರೂ ಬೇಕಿದ್ದರೆ ನಾನು ಬರುತ್ತೇನೆ.