ಕಾಳಿ ದಂಡೆಯ ಸೈಕಲ್ ದಾರಿ: ಐದು ಪಂಚರ್, ಒಂದು ಕಡ್ಡಿ

ಭಾನುವಾರದ ಸುತ್ತಾಟದಲ್ಲಿ ಮಗಳ ಸೈಕಲ್ ಮತ್ತೆ ಮತ್ತೆ ಪಂಚರ್ ಯಾಕೆ ಆಗ್ತಿತ್ತು ಅಂತ ಕಡೆಗೂ ಸಿಕ್ಕಿತು! ಆರು ವಾರ ಹಿಡಿಯಿತು. ಈ ಆರು ವಾರದಲ್ಲಿ ಮೂರು ಸಲ ದಾರಿ ಬದಲಿಸಿದೆ. ಆದರೆ ದಾರಿಯದ್ದು ಒಂದಿಷ್ಟೂ ತಪ್ಪಿರಲಿಲ್ಲ.

ಕಾರವಾರದವರಿಗೆ ದಾರಿ ವಿವರಿಸಬೇಕಾಗಿಲ್ಲ. ಟ್ಯಾಗೋರ್ ಕಡಲತೀರದಲ್ಲಿ ಮಯೂರವರ್ಮ ವೇದಿಕೆ ಹತ್ತಿರ ಶುರು. ಮಗಳಿಗೆ ಅಲ್ಲಿ ದಡದ ಮೇಲೆ ಇಟ್ಟಿರುವ ಚಪಲ್ ಯುದ್ಧನೌಕೆ ಒಮ್ಮೆ ಕಣ್ತುಂಬ ನೋಡಲೇಬೇಕು. ಅಲ್ಲಿಂದ ಗಾಳಿಮರದ ನೆರಳು ಹಿಡಿದು ಉತ್ತರಕ್ಕೆ, ಕೋಡಿಬಾಗದ ತನಕ. ಅದು ಕಾಳಿ ನದಿ ಸಮುದ್ರ ಸೇರುವ ಜಾಗ, ಎದುರಿಗೆ ಸದಾಶಿವಗಡದ ಗುಡ್ಡ. ಹೋಗಿ ಬಂದರೆ 8 ಕಿ.ಮೀ. ಆಸುಪಾಸು, ಏರು ಅನ್ನುವುದೇ ಇಲ್ಲ. ನಾವು ನಾಲ್ಕು ಜನ: ನಾನು, ಹೆಂಡತಿ, 20 ಇಂಚಿನ ಸೈಕಲ್ ಮೇಲೆ ಎಂಟು ವರ್ಷದ ಮಗಳು, ತಮ್ಮ ಹಳೇ ಕಪ್ಪು ಸೈಕಲ್ ಮೇಲೆ ಅಪ್ಪ. ಅಪ್ಪನಿಗೆ ಎಪ್ಪತ್ತು. ಎಂಟಕ್ಕೂ ಎಪ್ಪತ್ತಕ್ಕೂ ಒಟ್ಟಿಗೆ ಆಗಬೇಕು, ನನ್ನ ಷರತ್ತು ಇಷ್ಟೇ.

ಮೊದಲು ಸೇತುವೆ ದಾಟಿ ಸದಾಶಿವಗಡಕ್ಕೂ ಹೋಗುವ ಆಸೆ ಇತ್ತು. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಕುಸಿದು ನದಿಗೆ ಬಿತ್ತು. ಆಮೇಲೆ ಗೋವಾ ಕಡೆಯ ಲಾರಿ, ಬಸ್ಸು ಎಲ್ಲದರ ಭಾರವೂ ಉಳಿದ ಸೇತುವೆ ಮೇಲೆ ಬಂತು. ಅದರ ಮೇಲೆ ಮಗುವನ್ನು ಕರೆದುಕೊಂಡು ಹೋಗಲು ನನಗಂತೂ ಧೈರ್ಯ ಇಲ್ಲ. ಈಚೆ ದಡದಿಂದಲೇ ಗುಡ್ಡ ನೋಡಿ ತಿರುಗುತ್ತೇವೆ. ಮನೆಯಿಂದ ಬರುವಾಗ ಹೆದ್ದಾರಿಯನ್ನು ಒಂದೇ ಕಡೆ ದಾಟುತ್ತೇವೆ, ಅಲ್ಲಿ ಎಲ್ಲರೂ ಇಳಿದು ತಳ್ಳಿಕೊಂಡೇ ಹೋಗುತ್ತೇವೆ.

ಈಗ ಪಂಚರ್ ವಿಷಯ. ಪ್ರತಿ ಭಾನುವಾರ ಒಂದೇ ಕಥೆ. ಹೋಗುವಾಗ ಚಕ್ರ ಗಟ್ಟಿ, ಬರುವಾಗ ಮೆತ್ತಗೆ, ಸೋಮವಾರ ಬೆಳಿಗ್ಗೆ ಪೂರ್ತಿ ಚಪ್ಪಟೆ. ಪ್ರತಿ ಸಲವೂ ಮಗಳ ಸೈಕಲ್ಲಿನ ಹಿಂದಿನ ಚಕ್ರವೇ.

ಮೊದಲ ಅನುಮಾನ ಗಾಳಿಮರದ ಕೆಳಗಿನ ಹಾದಿ ಮೇಲೆ. ಅಲ್ಲಿ ಉದುರಿದ ಸೂಜಿಎಲೆ ದಪ್ಪಗೆ ಹಾಸಿರುತ್ತದೆ, ಅಡಿಯಲ್ಲಿ ಏನಿದೆ ಕಾಣುವುದಿಲ್ಲ. ಕೇದಗೆ ಎಲೆ ಒಣಗಿ ಬಿದ್ದಿದ್ದರೆ ಅದರ ಅಂಚಿನ ಮುಳ್ಳು ಗರಗಸದ ಹಲ್ಲಿನಂತೆ. ಸರಿ, ಆ ಹಾದಿ ಬಿಟ್ಟೆ. ಮುಂದಿನ ವಾರವೂ ಗಾಳಿ ಹೋಯಿತು. ಆಮೇಲೆ ಅನುಮಾನ ಬಳಚಿನ ಚಿಪ್ಪಿನ ಮೇಲೆ. ದಂಡೆ ಹತ್ತಿರದ ತುಂಡನ್ನೂ ಬಿಟ್ಟೆ. ಆಗಲೂ ಹೋಯಿತು. ಮೂರನೇ ಸಲ ಇಂಟರ್‌ಲಾಕ್ ಕಲ್ಲು ಹಾಸಿದ ಜಾಗ ತಪ್ಪಿಸಿ ಬೇರೆ ಸುತ್ತು ಹಾಕಿದೆ. ಅದು ಬಿಸಿಲು, ಗಾಡಿ, ಧೂಳು. ಮಗಳು ಅರ್ಧದಲ್ಲೇ ನಿಂತು, "ಅಪ್ಪಾ, ಸಮುದ್ರ ಎಲ್ಲಿ ಹೋಯ್ತು?" ಅಂದಳು. ನೀರು ಕಾಣದಿದ್ದರೆ ಈ ದಾರಿಗೆ ಅರ್ಥವೇ ಇಲ್ಲ ಅಲ್ವಾ?

ಅಂಗಡಿಯಲ್ಲಿ ಮೂರು ಸಲ ಪಂಚರ್ ಹಾಕಿಸಿದೆ. ಪ್ರತಿ ಸಲ "ಮುಳ್ಳು ಹೊಕ್ಕಿರಬೇಕು" ಅನ್ನುವ ಮಾತು. ಮುಳ್ಳು ಮಾತ್ರ ಯಾರೂ ತೋರಿಸಲಿಲ್ಲ. ಹೊಸ ಟ್ಯೂಬ್ ಹಾಕಿದೆ. ಟಯರಿನ ಒಳಗೆ ಹತ್ತಿ ಉಂಡೆ ಆಡಿಸಿದೆ. ಮುಳ್ಳೋ ತಂತಿಯೋ ಇದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ದುಡ್ಡು ಕೊಟ್ಟು ಲೈನರ್, ಅಂದರೆ ಟಯರಿಗೂ ಟ್ಯೂಬಿಗೂ ನಡುವೆ ಹಾಕುವ ಪಟ್ಟಿ, ತರಿಸಿ ಹಾಕಿದೆ. ಹೊಸ ಟ್ಯೂಬೂ ಎರಡು ಸಲ ಹೋಯಿತು.

ಐದನೇ ಸಲ ಅಂಗಳದಲ್ಲಿ ಬಕೆಟ್ ಇಟ್ಟು ಟ್ಯೂಬ್ ಮುಳುಗಿಸುತ್ತಾ ಕೂತಿದ್ದೆ. ಗುಳ್ಳೆ ಎಷ್ಟು ಸಣ್ಣ ಅಂದರೆ, ಒಂದು ಎದ್ದು ಇನ್ನೊಂದು ಏಳಲು ಇಪ್ಪತ್ತು ಎಣಿಸಬೇಕು. ಅಪ್ಪ ಬಂದು ಟ್ಯೂಬ್ ತೆಗೆದುಕೊಂಡರು. ಒರೆಸಿ, ಕಣ್ಣುಮುಚ್ಚಿ, ರೆಪ್ಪೆಯ ಹತ್ತಿರ ಹಿಡಿದು ನಿಧಾನ ತಿರುಗಿಸಿದರು. ಒಂದು ಕಡೆ ಬೆರಳು ನಿಲ್ಲಿಸಿ, "ಇಲ್ಲಿ" ಅಂದರು. ನೀರು ತೋರಿಸಲು ಅಷ್ಟು ಹೊತ್ತು ಬೇಕಾದದ್ದನ್ನು, ಸೋರುವ ಗಾಳಿ ತಾಗಿದ ಕಣ್ಣರೆಪ್ಪೆ ಅರ್ಧ ನಿಮಿಷದಲ್ಲಿ ಹೇಳಿತು.

ಆಮೇಲೆ ಒಂದು ಪ್ರಶ್ನೆ ಕೇಳಿದರು. "ತೂತು ಹೊರಮೈಗೋ, ಒಳಮೈಗೋ?"

ಒಳಮೈಗೆ. ಅಂದರೆ ನೆಲದ ಕಡೆ ಅಲ್ಲ, ರಿಮ್ಮಿನ ಕಡೆ. ಮುಳ್ಳು ಅಲ್ಲಿಗೆ ಹೋಗುವುದು ಹೇಗೆ?

ಎಸೆಯದೆ ಇಟ್ಟಿದ್ದ ಹಳೇ ಟ್ಯೂಬ್ ತಂದು ಎರಡನ್ನೂ ನೆಲದ ಮೇಲೆ ಹಾಸಿದೆ. ವಾಲ್ವ್‌ಗೆ ವಾಲ್ವ್ ಹೊಂದಿಸಿದೆ. ಹಳೆಯದರ ಮೂರು ತೇಪೆ, ಹೊಸದರ ಒಂದು ತೇಪೆ ಮತ್ತು ಈ ತೂತು, ಎಲ್ಲವೂ ವಾಲ್ವ್‌ನಿಂದ ಹೆಚ್ಚುಕಡಿಮೆ ಒಂದು ಗೇಣು. ಕೆಲವು ಎಡಕ್ಕೆ, ಕೆಲವು ಬಲಕ್ಕೆ, ಟ್ಯೂಬ್ ಯಾವ ಕಡೆ ತಿರುಗಿಸಿ ಹಾಕಿದ್ದೆವೋ ಹಾಗೆ. ಮೈ ಜುಂ ಅಂತು. ರಿಮ್ ಮೇಲೆ ಆ ಅಳತೆಗೆ ಬೆರಳಿಟ್ಟರೆ ಚುಚ್ಚಿತು. ಚಕ್ರದ ಒಂದು ಕಡ್ಡಿ (ಸ್ಪೋಕ್), ಅದನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟಿನ, ಅಂದರೆ ನಿಪ್ಪಲ್ಲಿನ, ತಲೆ ದಾಟಿ ಎರಡು ಮಿಲಿಮೀಟರ್ ಹೊರಗೆ ಬಂದಿದೆ. ಬೇಸಿಗೆಯಲ್ಲಿ ಮುರಿದ ಕಡ್ಡಿ ಬದಲಿಸಿದ್ದರು. ಅಳತೆ ನೋಡದೆ ಉದ್ದದ್ದು ಹಾಕಿಬಿಟ್ಟಿದ್ದಾರೆ. ಅದನ್ನು ಮುಚ್ಚಬೇಕಾದ ರಬ್ಬರ್ ಪಟ್ಟಿ ಒಣಗಿ ಬಿರುಕುಬಿಟ್ಟು ಪಕ್ಕಕ್ಕೆ ಸರಿದಿತ್ತು. ಮನೆ ಹತ್ತಿರದ ನುಣುಪು ರಸ್ತೆಯಲ್ಲಿ ಏನೂ ಆಗುವುದಿಲ್ಲ. ದಾರಿ ಮೇಲೆ ಕುಲುಕಾಟ ಶುರುವಾದಾಗ ಟ್ಯೂಬ್ ಒತ್ತಿ ಒತ್ತಿ ತೂತು ಬೀಳುತ್ತದೆ. ಅದಕ್ಕೇ ಭಾನುವಾರ ಮಾತ್ರ.

ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ, ನಿಪ್ಪಲ್ ಮಟ್ಟಕ್ಕೆ ತಂದು, ಮರಳುಕಾಗದ ಆಡಿಸಿದೆ. ಮಿಕ್ಕ ಎಲ್ಲಾ ನಿಪ್ಪಲ್ ಮೇಲೂ ಬೆರಳಾಡಿಸಿ ನೋಡಿದೆ. ಇನ್ನು ರಿಮ್ ಟೇಪ್, ಅದೇ ಬಿರುಕುಬಿಟ್ಟ ರಬ್ಬರ್ ಪಟ್ಟಿಯ ಬದಲಿಗೆ. 20 ಇಂಚಿಗೆ ಅಂತ ಸ್ಪಷ್ಟವಾಗಿ ಬರೆದು ಆನ್‌ಲೈನ್‌ನಲ್ಲಿ ತರಿಸಿದೆ. ಒಂಬತ್ತು ದಿನ ಬಿಟ್ಟು ಬಂದದ್ದು 26 ಇಂಚಿನ ಬಳೆ. ಚಕ್ರದ ಮೇಲೆ ಹಗ್ಗದ ಹಾಗೆ ಜೋತುಬಿತ್ತು. ವಾಪಸ್ ಕಳಿಸಿದೆ, ಇನ್ನೊಂದೂ ಅದೇ ಅಳತೆ ಬಂತು. ಮಕ್ಕಳ ಸೈಕಲ್ ಸಾಮಾನಿಗೆ ಯಾಕೆ ಇಷ್ಟು ಅಸಡ್ಡೆಯೋ, ನನಗೆ ನಿಜಕ್ಕೂ ಬೇಜಾರು. ಮಗು ಕೂರುವ ಗಾಡಿಗೇ ಜಾಸ್ತಿ ಕಾಳಜಿ ಬೇಕಲ್ವಾ? ಕಡೆಗೆ ಬಟ್ಟೆಯ ಅಂಟು ಟೇಪ್ ತಂದು ರಿಮ್ಮಿನ ಅಗಲಕ್ಕೆ ಕತ್ತರಿಸಿ ಎರಡು ಸುತ್ತು ಎಳೆದು ಅಂಟಿಸಿದೆ. ವಾಲ್ವ್ ತೂತನ್ನು ಬಿಸಿ ಮೊಳೆಯಿಂದ ಚುಚ್ಚಿದೆ, ಅಂಚು ಬಿರಿಯುವುದಿಲ್ಲ. ಬಟ್ಟೆ ಟೇಪ್ ರಬ್ಬರಿನಂತೆ ಸರಿಯುವುದಿಲ್ಲ, ಬೇಕಿದ್ದರೆ ನೀವೂ ಮಾಡಿ ನೋಡಿ.

ಮೊನ್ನೆ ಭಾನುವಾರ ಮೊದಲಿನ ದಾರಿಗೇ ಹೋದೆವು. ಆರೂವರೆಗೆ ಹೊರಟರೆ ಕಡಲಗಾಳಿ ಇನ್ನೂ ಎದ್ದಿರುವುದಿಲ್ಲ, ಉತ್ತರಕ್ಕೆ ತುಳಿಯುವುದು ಹಗುರ. ಹೊತ್ತು ಏರಿ ವಾಯವ್ಯದ ಗಾಳಿ ಬೀಸುವಾಗ ನಾವು ತಿರುಗಿ ಬರುತ್ತಿರುತ್ತೇವೆ, ಅದು ಬೆನ್ನು ತಳ್ಳುತ್ತದೆ. ಮಕ್ಕಳ ಜೊತೆ ಹೋಗುವವರು ಈ ಲೆಕ್ಕ ಬಿಡಬೇಡಿ. ಕೋಡಿಬಾಗದಲ್ಲಿ ಸೈಕಲ್ ಬೀಗ ಹಾಕಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗಿನ ಹಲಗೆ ಹಾದಿಯಲ್ಲಿ ನಡೆದೆವು. ಇಳಿತದ ಹೊತ್ತು. ಕೆಸರಲ್ಲಿ ಸಾವಿರಾರು ಬೇರಿನ ಮೊಳಕೆ ಮೇಲಕ್ಕೆ ಮುಖಮಾಡಿ ನಿಂತಿದ್ದವು. ಗಿಡ ಉಸಿರಾಡುವುದು ಅದರಿಂದಲೇ ಅಂತ ಅಜ್ಜ ಹೇಳಿದ್ದಕ್ಕೆ, ಮಗಳು ಉಸಿರು ಬಿಗಿಹಿಡಿದು ಎಣಿಸಲು ಕೂತಳು.

ಅಲ್ಲೇ ಕೂತು ಮುಂದಿನ ಯೋಜನೆ ಹಾಕಿದೆವು. ಕುಮಟಾ ತನಕ ಗಾಡಿಯಲ್ಲಿ ಸೈಕಲ್ ಒಯ್ದು, ಅಲ್ಲಿಂದ ಅಘನಾಶಿನಿ ಊರು, ಬಾರ್ಜ್ ಮೇಲೆ ಸೈಕಲ್ ಹತ್ತಿಸಿ ತದಡಿ, ಹಾಗೇ ಗೋಕರ್ಣ. ಇದಕ್ಕೆ ಅಪ್ಪನ ಸೈಕಲ್ಲಿಗೆ ಮುಂದೆ ಬೆತ್ತದ ಬುಟ್ಟಿ ಕಟ್ಟಬೇಕು. ಕಬ್ಬಿಣದ ಬುಟ್ಟಿ ಇಲ್ಲಿಯ ಉಪ್ಪುಗಾಳಿಗೆ ಒಂದು ಮಳೆಗಾಲವೂ ತಡೆಯುವುದಿಲ್ಲ. ಹ್ಯಾಂಡಲ್ ತಿರುಗಿದರೂ ಬುಟ್ಟಿ ಅಲುಗದ ಹಾಗೆ ಕಟ್ಟುವುದು ಹೇಗೆ ಅಂತ ಎರಡು ಚಿತ್ರ ಬರೆದಿಟ್ಟಿದ್ದೇನೆ.

ಸೋಮವಾರ ಬೆಳಿಗ್ಗೆ ನಾನು ಏಳುವ ಮೊದಲೇ ಮಗಳು ಅಂಗಳಕ್ಕೆ ಹೋಗಿದ್ದಳು. ಎರಡೂ ಹೆಬ್ಬೆರಳಿಂದ ಹಿಂದಿನ ಟಯರ್ ಒತ್ತಿ ನೋಡಿ, ಒಳಗೆ ಓಡಿ ಬಂದು, "ಅಜ್ಜಾ, ಕಲ್ಲಿನ ಹಾಗಿದೆ!" ಅಂದಳು.