ಸೂಜಿಚಿಕಿತ್ಸೆಯ ಮಣ್ಣಿನ ಕುದುರೆ: ಬೆನ್ನು ಮುಗಿಯಿತು, ಗೊರಸು ಬಾಕಿ

ಕುದುರೆ ಈಗ ನಾಲ್ಕು ಕಾಲಿನ ಮೇಲೆ ಗಟ್ಟಿಯಾಗಿ ನಿಂತಿದೆ. ಒಳಗೆ ತಂತಿ, ಮೇಲೆ ಜೇಡಿಮಣ್ಣು, ಉದ್ದ ಸುಮಾರು ಎರಡಡಿ. ಅಕ್ಯುಪಂಕ್ಚರ್ ಮಾಡುವ ಪಶುವೈದ್ಯರು ಎಲ್ಲೆಲ್ಲಿ ಸೂಜಿ ಚುಚ್ಚುತ್ತಾರೋ ಅಲ್ಲೆಲ್ಲ ಬಣ್ಣದ ತಲೆಯ ಗುಂಡುಪಿನ್ನು ನೆಡಬೇಕು. ಈ ಸಲ ಬೆನ್ನು ಮುಗಿಸಿದೆ.

ಬೆನ್ನಿಗೆ ಜಾಸ್ತಿ ಹೊತ್ತು ಕೊಟ್ಟಿದ್ದಕ್ಕೆ ಕಾರಣ ಇದೆ. ಸವಾರಿ ಕುದುರೆಗಳ ಬೆನ್ನುನೋವಿಗೆ, ಕುಂಟುವಿಕೆಗೆ ಈ ಚಿಕಿತ್ಸೆ ಹೆಚ್ಚು ಬಳಕೆಯಲ್ಲಿದೆ. ಬೆನ್ನೆಲುಬಿನ ಎರಡೂ ಪಕ್ಕ, ಉದ್ದನೆಯ ಸ್ನಾಯುಗಳ ನಡುವೆ ಒಂದು ತಗ್ಗು ಓಡುತ್ತದೆ. ವೈದ್ಯರು ಸೂಜಿಯ ಮುಚ್ಚಳದ ಮೊಂಡು ತುದಿಯನ್ನು ಆ ತಗ್ಗಿನಲ್ಲಿ ಒತ್ತುತ್ತಾ ಭುಜದಿಂದ ಹಿಂದಕ್ಕೆ ಎಳೆಯುತ್ತಾರೆ. ನೋವಿರುವ ಜಾಗ ಸಿಕ್ಕರೆ ಚರ್ಮ ಅದುರುತ್ತದೆ, ಬೆನ್ನು ಕುಗ್ಗುತ್ತದೆ, ಕಿವಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ನೋಡುವವರಿಗೆ ಆ ತಗ್ಗು ಕಾಣಲೇಬೇಕು ಅಂತ ಚಮಚದ ಹಿಡಿಯಿಂದ ಮತ್ತೆ ಮತ್ತೆ ತೀಡಿದೆ.

ಸೊಂಟದ ಕೊನೆಯ ಮಣಿಮೂಳೆ ಮುಗಿದು ಪೃಷ್ಠದ ಮೂಳೆ ಶುರುವಾಗುವ ಕಡೆ, ಸರಿಯಾಗಿ ನಡುಮಧ್ಯದಲ್ಲಿ ಒಂದು ಗುಳಿ ಇದೆ. ಅದೇ ಬೈ ಹುಯಿ ಎಂಬ ಸೂಜಿ ಚುಚ್ಚುವ ಬಿಂದು. ಅಲ್ಲಿಗೆ ಕೆಂಪು ಪಿನ್ನು.

ಕೆಂಪು ಏಕೆ ಅಂದರೆ, ಇದು ಚೀನಾದ ಹಳೆಯ ಕುದುರೆ ವೈದ್ಯರದೇ ಬಿಂದು. ಮಿಂಗ್ ಕಾಲದಲ್ಲಿ, 1608ರಲ್ಲಿ, ಯು ಬೆನ್‌ಯುವಾನ್ ಮತ್ತು ಯು ಬೆನ್‌ಹೆಂಗ್ ಎಂಬ ಅಣ್ಣತಮ್ಮಂದಿರು ಕುದುರೆ ಚಿಕಿತ್ಸೆಯ ದೊಡ್ಡ ಗ್ರಂಥ ಬರೆದರು. ಆ ಪರಂಪರೆಯಲ್ಲಿ ತೆಳು ಸೂಜಿ ಮಾತ್ರ ಅಲ್ಲ, ರಕ್ತನಾಳ ಚುಚ್ಚಿ ರಕ್ತ ಹರಿಸುವುದು, ಕಾಯಿಸಿದ ಸೂಜಿ ಬಳಸುವುದು ಎಲ್ಲವೂ ಇತ್ತು.

ಇನ್ನು ನೀಲಿ ಪಿನ್ನುಗಳು. ಇಂದಿನ ಚಿತ್ರಪಟಗಳಲ್ಲಿ ಕುದುರೆಯ ಮೈಮೇಲೆ ಕಾಣುವ ಉದ್ದುದ್ದ ನಾಡಿರೇಖೆಗಳು (ದೇಹದ ಶಕ್ತಿ ಹರಿಯುವ ದಾರಿ ಅಂತ ಈ ಪದ್ಧತಿ ಹೇಳುವ, ಒಳಅಂಗಗಳ ಹೆಸರಿನ ಗೆರೆಗಳು) ಮನುಷ್ಯನ ಪಟದಿಂದ 20ನೇ ಶತಮಾನದಲ್ಲಿ ತಂದು ಕೂರಿಸಿದವು. ಇಲ್ಲೇ ತೊಡಕು. ಮನುಷ್ಯನಿಗೆ 12 ಜೊತೆ ಪಕ್ಕೆಲುಬು, ಕುದುರೆಗೆ 18. ಹಾಗಾಗಿ ಬೆನ್ನಿನ ಬಿಂದು ಯಾವ ಪಕ್ಕೆಲುಬಿನ ಸಂದಿಯಲ್ಲಿದೆ ಅನ್ನುವುದರಲ್ಲೇ ಪಟದಿಂದ ಪಟಕ್ಕೆ ವ್ಯತ್ಯಾಸ. ಪಿತ್ತಕೋಶದ ರೇಖೆಯಂತೂ ಇದೆ, ಆದರೆ ಕುದುರೆಗೆ ಪಿತ್ತಕೋಶವೇ ಇಲ್ಲ! ಎರಡನ್ನೂ ಒಂದೇ ಬಣ್ಣದಲ್ಲಿ ತೋರಿಸಿದರೆ ನೋಡುವವರಿಗೆ ಎಲ್ಲವೂ ಒಂದೇ ಕಾಲದ್ದು ಅನ್ನಿಸುತ್ತದೆ, ಅಲ್ವಾ? ಅದು ಸರಿಯಲ್ಲ. ಅದಕ್ಕೇ ಎರಡು ಬಣ್ಣ.

ಹಾಗಂತ ಚಿಕಿತ್ಸೆಯನ್ನು ಸುಮ್ನೆ ತಳ್ಳಿಹಾಕಲೂ ನನಗೆ ಮನಸ್ಸಿಲ್ಲ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಳೆಯ ಬೆನ್ನುನೋವಿದ್ದ 15 ಕುದುರೆಗಳನ್ನು ಮೂರು ಗುಂಪು ಮಾಡಿದ್ದರು. ಸೂಜಿಗೆ ಸಣ್ಣ ವಿದ್ಯುತ್ ಹರಿಸಿದ ಗುಂಪಿನಲ್ಲಿ ನೋವು ಇಳಿಯಿತು. ನೋವಿನ ಔಷಧಿ ಫಿನೈಲ್‌ಬ್ಯುಟಾಜೋನ್ ಪಡೆದ ಗುಂಪಿನಲ್ಲಿ ಹಾಗಾಗಲಿಲ್ಲ. ಆದರೆ ಗುಂಪಿಗೆ ಬರೀ ಐದು ಕುದುರೆ. ಸಾಕುಪ್ರಾಣಿಗಳ ಅಕ್ಯುಪಂಕ್ಚರ್ ಬಗ್ಗೆ ಆಗಿದ್ದ ಪ್ರಯೋಗಗಳನ್ನು 2006ರಲ್ಲಿ ಒಟ್ಟಿಗೆ ಪರಿಶೀಲಿಸಿದವರು, ಬಳಸಿ ಅನ್ನಲೂ ಬೇಡ ಅನ್ನಲೂ ಗಟ್ಟಿ ಪುರಾವೆ ಸಾಲದು ಅಂದರು. ನನಗೂ ಹಾಗೇ ಅನ್ನಿಸುತ್ತದೆ. ಕುಂಟುವ ಕುದುರೆಗೆ ಮೊದಲು ಕಾರಣ ಹುಡುಕಬೇಕು, ಸೂಜಿ ಆಮೇಲೆ.

ಮುಂದಿನ ಕೆಲಸ ಗೊರಸು. ಮನುಷ್ಯನ ಐದು ಬೆರಳಿಗೆ ಹಂಚಿಹೋದ ರೇಖೆಗಳನ್ನು ಕುದುರೆಯ ಒಂದೇ ಬೆರಳಿಗೆ ತಂದು ನಿಲ್ಲಿಸಬೇಕು. ಗೊರಸಿಗೂ ಚರ್ಮಕ್ಕೂ ಸೇರುವ ಅಂಚಿನಲ್ಲಿ ಸುತ್ತಲೂ ಪಿನ್ನು ಬರುತ್ತದೆ, ಬಹುತೇಕ ನೀಲಿ. ಕಿವಿತುದಿ, ಬಾಲದ ತುದಿ ಎರಡಕ್ಕೂ ಕೆಂಪು. ಮಣ್ಣು ಒಣಗುವ ಮೊದಲೇ ಕಾಲುಗಳನ್ನು ಮುಗಿಸಬೇಕು, ಅದಕ್ಕೆ ಸದ್ಯ ಒದ್ದೆ ಬಟ್ಟೆ ಸುತ್ತಿಟ್ಟಿದ್ದೇನೆ.