ಮನೆ ಸಣ್ಣದು, ಮರ ದೊಡ್ಡದು

ಮಧ್ಯಾಹ್ನ ಕರೆಂಟ್ ಹೋಗಿತ್ತು. ಸಿರಿಯಾದ ಡಮಾಸ್ಕಸ್‌ನ ದೊಡ್ಡ ಮಸೀದಿಯ ಫೋಟೋ ಒಂದನ್ನ ಫೋನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡ್ತಾ ಕೂತಿದ್ದೆ.

ಅಂಗಳದ ಪಡಸಾಲೆಯ ಗೋಡೆ. ಖಲೀಫ ಅಲ್-ವಲೀದ್ ಕಾಲದ್ದು, ಎಂಟನೇ ಶತಮಾನದ ಶುರು. ಗಾಜಿನ, ಕಲ್ಲಿನ ಪುಟ್ಟ ಪುಟ್ಟ ಚೂರು ಜೋಡಿಸಿದ ಮೊಸಾಯಿಕ್. ಹಿಂದೆ ಪೂರ್ತಿ ಬಂಗಾರ, ಕೆಳಗೆ ಹೊಳೆ, ದಡದಲ್ಲಿ ಮನೆ, ಮಂಟಪ.

ಆದರೆ ಕಣ್ಣು ನಿಲ್ಲೋದು ಮರದ ಮೇಲೆ. ಮನೆಗಳನ್ನ ಮೀರಿ ಬೆಳೆದಿವೆ. ಕಾಂಡ ನೋಡಬೇಕು ನೀವು! ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದಕ್ಕೆ ನೆರಳು. ಎಲೆಗಳಲ್ಲಿ ತಿಳಿಹಸಿರು, ಕಡುಹಸಿರು, ಎಷ್ಟೊಂದು ಹಸಿರು. ಚೂರು ಚೂರಾಗಿ ಇದನ್ನ ಕೂರಿಸಿದವರ ತಾಳ್ಮೆ ಎಂಥದ್ದಿರಬೇಕು.

ಅಷ್ಟು ದೊಡ್ಡ ಊರಲ್ಲಿ ಒಬ್ಬ ಮನುಷ್ಯ ಇಲ್ಲ. ಒಂದು ಪ್ರಾಣಿಯೂ ಇಲ್ಲ.

ಇದು ಸ್ವರ್ಗ ಅಂತಾರೆ ಕೆಲವರು. ಅಲ್ಲ, ಡಮಾಸ್ಕಸ್‌ನ ಬರದಾ ಹೊಳೆಯೇ ಅಂತಾರೆ ಇನ್ನು ಕೆಲವರು. ನನಗೆ ಎರಡನೆಯದೇ ಇಷ್ಟ. ಮರುಭೂಮಿ ಪಕ್ಕದ ಊರಿಗೆ ತನ್ನ ಹೊಳೆಗಿಂತ ಬೇರೆ ಸ್ವರ್ಗ ಯಾಕೆ?

ಹಾಗಂತ ಅಲ್-ವಲೀದ್‌ನ ಉಮಯ್ಯದ್ ಮನೆತನಕ್ಕೆ ಪ್ರಾಣಿ ಬೇಡವಾಗಿತ್ತು ಅಂತಲ್ಲ. ಪ್ಯಾಲೆಸ್ತೀನ್‌ನ ಜೆರಿಕೊ ಊರಿನ ಹತ್ತಿರದ ಅವರದೇ ಅರಮನೆಯಲ್ಲಿ, ಸ್ನಾನಗೃಹದ ಪಕ್ಕದ ಕೋಣೆಯ ನೆಲದ ಮೊಸಾಯಿಕ್‌ನಲ್ಲಿ, ಹಣ್ಣು ಬಿಟ್ಟ ಮರ ಇದೆ. ಎಡಕ್ಕೆ ಎರಡು ಜಿಂಕೆ ಮೇಯ್ತಿವೆ. ಬಲಕ್ಕೆ ಸಿಂಹ ಇನ್ನೊಂದರ ಮೇಲೆ ಎರಗಿದೆ. ಮಸೀದಿಗೆ ಬರೀ ಮರ, ಅರಮನೆಗೆ ಸಿಂಹವೂ ಆಗಬಹುದು!

ಡಮಾಸ್ಕಸ್ ಗೋಡೆಯ ಬಹುಪಾಲು ಗಾರೆಯಡಿ ಮುಚ್ಚಿಹೋಗಿತ್ತಂತೆ. 1920ರ ದಶಕದ ಕೊನೆಗೆ ಕೆರೆದು ತೆಗೆದರು.

ಅಲ್ಲಿಗೆ ಹೋಗಿ ಬಂದವರು ಯಾರಾದ್ರೂ ಇದ್ದೀರಾ? ಕಾಂಡದ ಫೋಟೋ ಹತ್ತಿರದಿಂದ ತೆಗೆದಿದ್ರೆ ಕಳಿಸಿ ಮಾರಾಯ್ರೆ.